ಬೆನ್ನುಹುರಿಗೆ ಗೆಡ್ಡೆಯ ಒತ್ತಡ: ಶಸ್ತ್ರಚಿಕಿತ್ಸೆಯ ನಂತರ ಏನು?



ನಿಮ್ಮ ಕಿರುಬೆರಳನ್ನೊಮ್ಮೆ ನೋಡಿಕೊಳ್ಳಿ. ಹೆಚ್ಚುಕಡಿಮೆ ಅಷ್ಟೇ ದಪ್ಪದ, ಸುಮಾರು 45 ಸೆಂಟಿಮೀಟರ್ ಉದ್ದದ ಮೃದುವಾದ ಹುರಿಯೊಂದು ನಿಮ್ಮ ಬೆನ್ನುಮೂಳೆಯ ಕೊಳವೆಯಲ್ಲಿದೆ. ಅದೇ ಬೆನ್ನುಹುರಿ. ಅದರಿಂದ 31 ಜೊತೆ ನರಗಳು ಹೊರಡುತ್ತವೆ. ಕಾಲು ಎತ್ತು ಎಂಬ ಮಿದುಳಿನ ಆಜ್ಞೆ ಇಳಿಯುವುದೂ, ಮುಳ್ಳು ಚುಚ್ಚಿತೆಂಬ ಸುದ್ದಿ ಏರುವುದೂ ಈ ದಾರಿಯಲ್ಲೇ.

ಬೆನ್ನುಹುರಿಗೆ ಹಾನಿ ಎಂದೊಡನೆ ನಮಗೆ ರಸ್ತೆ ಅಪಘಾತ, ಮರದಿಂದ ಬಿದ್ದವರು ನೆನಪಾಗುತ್ತಾರೆ. ಆದರೆ ಗೆಡ್ಡೆಯಿಂದಲೂ ಇದೇ ಹಾನಿಯಾಗಬಹುದು. ಮೂಳೆಯ ಕೊಳವೆ ಹಿಗ್ಗುವುದಿಲ್ಲ. ಅದರೊಳಗೆ ಗೆಡ್ಡೆ ಬೆಳೆದರೆ ಹುರಿ ಅದುಮಿಹೋಗುತ್ತದೆ, ಅದಕ್ಕೆ ರಕ್ತದ ಪೂರೈಕೆಯೂ ಕುಂದುತ್ತದೆ. ಕೆಲವು ಗೆಡ್ಡೆಗಳು ಹುರಿಯಲ್ಲೋ ಅದರ ಪೊರೆಯಲ್ಲೋ ಹುಟ್ಟುತ್ತವೆ. ಇವುಗಳಲ್ಲಿ ಹಲವು ಕ್ಯಾನ್ಸರ್ ಅಲ್ಲ. ಇನ್ನು ಕೆಲವರಲ್ಲಿ ಸ್ತನ, ಶ್ವಾಸಕೋಶ ಅಥವಾ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿ ಹುರಿಯನ್ನು ಒತ್ತುತ್ತದೆ. ರಾತ್ರಿ ಮಲಗಿದಾಗ ಹೆಚ್ಚಾಗುವ ಬೆನ್ನುನೋವು, ಕಾಲುಗಳಲ್ಲಿ ಸೋಲು, ಜೋಮು, ಮೂತ್ರ ಕಟ್ಟುವುದು ಇದರ ಸೂಚನೆಗಳು. ಇಂಥವು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಚಿಕಿತ್ಸೆ ಆರಂಭವಾಗುವಾಗ ಇನ್ನೂ ನಡೆಯುತ್ತಿರುವವರು ಮುಂದೆಯೂ ನಡೆಯುವ ಸಾಧ್ಯತೆ ಹೆಚ್ಚು.

ಲಂಡನ್ನಿನಲ್ಲಿ ವಿಕ್ಟರ್ ಹಾರ್ಸ್ಲಿ ಎಂಬ ಶಸ್ತ್ರವೈದ್ಯರು ಬೆನ್ನುಹುರಿಯನ್ನು ಒತ್ತುತ್ತಿದ್ದ ಗೆಡ್ಡೆಯನ್ನು ಯಶಸ್ವಿಯಾಗಿ ತೆಗೆದದ್ದು 1887ರಲ್ಲಿ. ಆ ರೋಗಿ ಮತ್ತೆ ನಡೆದಾಡಿದರು. ಎಲ್ಲರಿಗೂ ಹಾಗಾಗುವುದಿಲ್ಲ. ಗೆಡ್ಡೆ ತೆಗೆದರೂ, ವಿಕಿರಣ ಚಿಕಿತ್ಸೆಯಿಂದ ಕರಗಿಸಿದರೂ, ನಾಶವಾದ ನರತಂತುಗಳು ಬೆನ್ನುಹುರಿಯಲ್ಲಿ ಮತ್ತೆ ಬೆಳೆದು ಕೂಡಿಕೊಳ್ಳುವುದು ತೀರಾ ಕಡಿಮೆ. ಅಂಥವರ ಮುಂದಿನ ಬದುಕು ಹೇಗೆ? ಇದಕ್ಕೆ ಉತ್ತರವೇ ಪುನಶ್ಚೇತನ ಚಿಕಿತ್ಸೆ.

ಈ ಚಿಕಿತ್ಸೆಗೆ ಒಂದು ಕ್ರಮ ಹಾಕಿಕೊಟ್ಟವರಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಪ್ರಮುಖರು. 1939ರಲ್ಲಿ ನಾಟ್ಸಿ ಜರ್ಮನಿಯನ್ನು ಬಿಟ್ಟು ಇಂಗ್ಲೆಂಡಿಗೆ ಬಂದ ಅವರು, 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಯುದ್ಧದಲ್ಲಿ ಗಾಯಗೊಂಡವರಿಗಾಗಿ ಬೆನ್ನುಹುರಿ ವಿಭಾಗ ತೆರೆದರು. ಅಂಥ ರೋಗಿಗಳನ್ನು ಆಗ ಕೊಲ್ಲುತ್ತಿದ್ದುದು ಹೆಚ್ಚಾಗಿ ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. ಗುಟ್‌ಮನ್ ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಾಯಿಸಬೇಕೆಂದು ನಿಯಮ ಮಾಡಿದರು. ಅವರು 1948ರಲ್ಲಿ 16 ಮಂದಿ ರೋಗಿಗಳಿಗೆ ಏರ್ಪಡಿಸಿದ ಬಿಲ್ಲುಗಾರಿಕೆಯ ಸ್ಪರ್ಧೆಯೇ ಬೆಳೆದು ಇಂದಿನ ಪ್ಯಾರಾಲಿಂಪಿಕ್ಸ್ ಆಗಿದೆ.

ಇಂದು ಪುನಶ್ಚೇತನ ವಾರ್ಡಿನಲ್ಲಿ ಕಲಿಸುವುದೇನು? ಸ್ಪರ್ಶಜ್ಞಾನವಿಲ್ಲದ ಚರ್ಮವನ್ನು ದಿನವೂ ಕನ್ನಡಿಯಲ್ಲಿ ಪರೀಕ್ಷಿಸಿಕೊಳ್ಳುವುದು. ನಾಲ್ಕರಿಂದ ಆರು ಗಂಟೆಗೊಮ್ಮೆ ಶುಚಿಯಾದ ನಳಿಕೆಯಿಂದ ತಾವೇ ಮೂತ್ರ ತೆಗೆದುಕೊಳ್ಳುವುದು. ತೋಳುಗಳನ್ನು ಬಲಪಡಿಸಿಕೊಂಡು ಹಾಸಿಗೆಯಿಂದ ಗಾಲಿಕುರ್ಚಿಗೆ ಸರಿಯುವುದು. ಬಟ್ಟೆ ಹಾಕಿಕೊಳ್ಳುವುದು, ಸ್ನಾನ, ಅಡುಗೆ. ಇವೆಲ್ಲ ಕೇಳುವುದಕ್ಕೆ ಸಣ್ಣ ವಿಷಯಗಳು. ಆದರೆ ಒಬ್ಬ ಮನುಷ್ಯ ಯಾರನ್ನೂ ಕೂಗದೆ ಹಾಸಿಗೆಯಿಂದ ಏಳಬಲ್ಲನೇ ಎಂಬುದು ಇವುಗಳಿಂದಲೇ ನಿರ್ಧಾರವಾಗುತ್ತದೆ.

ನಮ್ಮ ದೇಶದ ದೀಪಾ ಮಲಿಕ್ ಅವರ ಹೆಸರು ನೀವು ಕೇಳಿರಬಹುದು. ಬೆನ್ನುಹುರಿಯ ಗೆಡ್ಡೆಯಿಂದಾಗಿ 1999ರಲ್ಲಿ ಅವರಿಗೆ ಶಸ್ತ್ರಚಿಕಿತ್ಸೆಗಳಾದವು. ಎದೆಯಿಂದ ಕೆಳಗೆ ದೇಹ ಸ್ವಾಧೀನ ತಪ್ಪಿತು. 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಅವರು ಗುಂಡನ್ನು 4.61 ಮೀಟರ್ ದೂರ ಎಸೆದು ಬೆಳ್ಳಿ ಪದಕ ಗೆದ್ದರು. ಪ್ಯಾರಾಲಿಂಪಿಕ್ಸ್ ಪದಕ ಗೆದ್ದ ಭಾರತದ ಮೊದಲ ಮಹಿಳೆ ಅವರು.

ಎಲ್ಲರೂ ಪದಕ ಗೆಲ್ಲಲಾರರು. ಹರಡಿದ ಕ್ಯಾನ್ಸರ್‌ನಿಂದ ಕಾಲು ಸೋತವರಿಗೆ ಕೆಲವೊಮ್ಮೆ ಉಳಿದಿರುವ ಕಾಲವೇ ಕಡಿಮೆ. ಮೂಳೆಗಳು ದುರ್ಬಲವಾಗಿರುತ್ತವೆ, ಔಷಧಿಗಳಿಂದ ಆಯಾಸ ಬೇರೆ. ಇಂಥವರಿಗೆ ಇಷ್ಟು ಶ್ರಮ ಏಕೆ ಎಂದು ನೀವು ಕೇಳಬಹುದು. ಮನೆಯ ಹಜಾರದಲ್ಲಿ ಎಲ್ಲರೊಡನೆ ಕುಳಿತು ಊಟ ಮಾಡುವುದಕ್ಕೂ, ಮೂಲೆಯ ಕೋಣೆಯಲ್ಲಿ ಹುಣ್ಣಿನೊಡನೆ ಮಲಗಿರುವುದಕ್ಕೂ ಇರುವ ವ್ಯತ್ಯಾಸವೇ ಅದಕ್ಕೆ ಉತ್ತರ. ಅವರಿಗೆ ತರಬೇತಿಯ ಅವಧಿ ಚಿಕ್ಕದಿರಲಿ, ಗುರಿಯೂ ಚಿಕ್ಕದಿರಲಿ. ತರಬೇತಿಯೇ ಬೇಡ ಎನ್ನಲಾಗದು. ಮನೆಯವರಿಗೂ ಇದೇ ವೇಳೆ ಆರೈಕೆಯನ್ನು ಕಲಿಸಲಾಗುತ್ತದೆ.

ಇನ್ನು ನಿಮ್ಮ ಪಾಲಿನ ಕೆಲಸ. ಗಾಲಿಕುರ್ಚಿಯ ಇಳಿಜಾರಿಗೆ 1:12 ಎಂಬ ಪ್ರಮಾಣವಿದೆ. ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಈ ವಾರದ ಕಾರ್ಯಕ್ರಮ ನೋಡುವ ಮುನ್ನ ನಿಮ್ಮ ತರಗತಿಯ ಮೆಟ್ಟಿಲುಗಳ ಎತ್ತರವನ್ನು ಅಳೆದು, ಎಷ್ಟು ಉದ್ದದ ಇಳಿಜಾರು ಬೇಕೆಂದು ಲೆಕ್ಕ ಹಾಕಿ. ಆ ಲೆಕ್ಕವನ್ನು ನಿಮ್ಮ ಮುಖ್ಯೋಪಾಧ್ಯಾಯರಿಗೋ ಪ್ರಾಂಶುಪಾಲರಿಗೋ ತೋರಿಸಿ. ಆಸ್ಪತ್ರೆಯಲ್ಲಿ ಗಾಲಿಕುರ್ಚಿ ನಡೆಸಲು ಕಲಿತ ಹುಡುಗಿಯೊಬ್ಬಳು ನಾಳೆ ನಿಮ್ಮ ತರಗತಿಗೆ ಬಂದಾಗ, ಬಾಗಿಲಲ್ಲೇ ನಿಲ್ಲುವಂತೆ ಆಗಬಾರದಲ್ಲವೇ?