ದಾರಿಯಲ್ಲಿ ಸವೆದ ಕ್ಷಣಗಳ ಲೆಕ್ಕ

‘ಈಗ ಗಂಟೆ ಎಷ್ಟು?’ ಎಂದು ಒಂದು ಕಂಪ್ಯೂಟರ್ ಇನ್ನೊಂದನ್ನು ಕೇಳಿದರೆ, ಉತ್ತರ ಬಂದು ಸೇರುವಷ್ಟರಲ್ಲಿ ಅದು ಹಳತಾಗಿರುತ್ತದೆ. ಭೂಸ್ಥಿರ ಉಪಗ್ರಹದ ಮೂಲಕ ಬರುವುದಾದರೆ ಮೇಲೇರಿ ಕೆಳಗಿಳಿಯಲಿಕ್ಕೇ ಕಾಲು ಸೆಕೆಂಡು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಕಾಮ್‌ಸ್ಯಾಟ್ ಸಂಸ್ಥೆಯಲ್ಲಿದ್ದ ಡೇವಿಡ್ ಮಿಲ್ಸ್ ಈ ಸಮಸ್ಯೆಗೆ ಕೈಹಾಕಿದರು. ಹುಟ್ಟಿನಿಂದಲೇ ಗ್ಲಾಕೋಮಾ ಇದ್ದ ಅವರಿಗೆ ಶಸ್ತ್ರಚಿಕಿತ್ಸೆಯಿಂದ ಉಳಿದದ್ದು ಎಡಗಣ್ಣಿನ ಅಷ್ಟಿಷ್ಟು ದೃಷ್ಟಿ. ಮುಂದೆ ಅದೂ ಹೋಯಿತು. ಕೆಲಸ ಮಾತ್ರ ನಿಲ್ಲಲಿಲ್ಲ.

ಅವರ ಜಾಲದ ಕೆಲವು ಯಂತ್ರಗಳು ಅಲ್ಲಿನ ಮನೆಗಳಿಗೆ ಬರುವ ಕರೆಂಟಿನ 60 ಹರ್ಟ್ಸ್ ಮಿಡಿತವನ್ನೇ ಎಣಿಸಿ ಹೊತ್ತು ಹೇಳುತ್ತಿದ್ದವು. ವಿದ್ಯುತ್ ಬೇಡಿಕೆ ಏರಿದಾಗ ಮಿಡಿತ ನಿಧಾನವಾಗುತ್ತದೆ, ಇಳಿದಾಗ ಚುರುಕಾಗುತ್ತದೆ. ಹೀಗಾಗಿ ಆ ಗಡಿಯಾರಗಳು ಒಂದೇ ದಿನದೊಳಗೆ ಕೆಲವು ಸೆಕೆಂಡುಗಳಷ್ಟು ಹಿಂದೆಮುಂದೆ ಓಲಾಡುತ್ತಿದ್ದವು. ಯಾವ ಗಡಿಯಾರವನ್ನೂ ಕಣ್ಣುಮುಚ್ಚಿ ನಂಬುವಂತಿರಲಿಲ್ಲ.

ದಾರಿ ತೋರಿದ್ದು ಹೊತ್ತಿನ ನಾಲ್ಕು ಗುರುತುಗಳು: ಪ್ರಶ್ನೆ ಹೊರಟದ್ದು, ಸರ್ವರಿಗೆ ತಲುಪಿದ್ದು, ಉತ್ತರ ಹೊರಟದ್ದು, ನಮಗೆ ಸಿಕ್ಕಿದ್ದು. ನನ್ನ ಗಡಿಯಾರ ಸೊನ್ನೆ ತೋರಿಸುವಾಗ ಪ್ರಶ್ನೆ ಹೊರಟಿತೆನ್ನಿ. ಸರ್ವರಿನ ಗಡಿಯಾರದಲ್ಲಿ 300ನೇ ಮಿಲಿಸೆಕೆಂಡಿಗೆ ಅದು ತಲುಪಿ, 310ಕ್ಕೆ ಉತ್ತರ ಹೊರಟು, ನನ್ನಲ್ಲಿ 110 ಆಗಿದ್ದಾಗ ಕೈಸೇರಿತು. ಒಟ್ಟು 110ರಲ್ಲಿ ಸರ್ವರ್ ಹಿಡಿದಿಟ್ಟುಕೊಂಡ 10 ಕಳೆದರೆ ದಾರಿಗೆ 100, ಒಂದು ಕಡೆಗೆ 50. ಅಂದರೆ ಉತ್ತರ ಸಿಕ್ಕಾಗ ಅಲ್ಲಿ 360. ನಾನು 250 ಮಿಲಿಸೆಕೆಂಡು ಹಿಂದಿದ್ದೇನೆ. ಎಷ್ಟು ಸರಳ, ಎಷ್ಟು ಸೊಗಸು! ಹೋಗುವ ದಾರಿಗೂ ಬರುವ ದಾರಿಗೂ ಹಿಡಿಯುವ ಹೊತ್ತು ಸಮ ಎಂಬ ನಂಬಿಕೆಯೊಂದು ಮಾತ್ರ ಇದರ ತಳದಲ್ಲಿದೆ. ಅದು ತಪ್ಪಿದರೆ, ವ್ಯತ್ಯಾಸದ ಅರ್ಧದಷ್ಟು ದೋಷ ಗೊತ್ತಾಗದಂತೆ ಉಳಿದುಬಿಡುತ್ತದೆ.

ಅದಕ್ಕೆ ಮಿಲ್ಸ್ ಕಂಡುಕೊಂಡ ಉಪಾಯ ನನಗೆ ಇನ್ನೂ ಇಷ್ಟ. ಜಾಲದಲ್ಲಿ ದಟ್ಟಣೆಯಿದ್ದಾಗ ಸಂದೇಶಗಳು ಸಾಲಿನಲ್ಲಿ ಕಾಯುತ್ತವೆ. ಆಗಲೇ ಎರಡೂ ದಾರಿಗಳ ಸಮ ತಪ್ಪುವುದು. ಹಲವು ಉತ್ತರಗಳ ಸರಾಸರಿ ತೆಗೆಯುವ ಬದಲು, ಅವುಗಳಲ್ಲಿ ಅತಿ ಬೇಗ ಹೋಗಿಬಂದದ್ದನ್ನೇ ಅವರು ಆರಿಸಿಕೊಂಡರು. ಎಲ್ಲಿಯೂ ಕಾಯದೆ ಬಂದದ್ದು ತಾನೇ ಹೆಚ್ಚು ನಂಬಿಕಸ್ಥ! 1985ರಲ್ಲಿ ಈ ಚಿಂತನೆಗಳು ಎನ್‌ಟಿಪಿ ಎಂಬ ಹೆಸರಿನಲ್ಲಿ ರೂಪ ಪಡೆದವು. ಆಮೇಲೆ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಅವರು ಅದನ್ನು ತಿದ್ದುತ್ತಲೇ ಇದ್ದರು. 2024ರ ಜನವರಿಯಲ್ಲಿ ತೀರಿಕೊಂಡರು.

ಚಿಕ್ಕ ಯಂತ್ರಗಳಿಗಾಗಿ ಎಸ್‌ಎನ್‌ಟಿಪಿ ಎಂಬ ಹಗುರ ರೂಪವನ್ನು 1992ರಲ್ಲಿ ಬರೆದವರೂ ಅವರೇ. 2014ರಲ್ಲಿ ಬಂದ ಇಎಸ್‌ಪಿ8266ರಂಥ ವೈಫೈ ಚಿಪ್ಪುಗಳು ಇಂದು ಹೊತ್ತು ಕೇಳುವುದು ಈ ರೂಪದಲ್ಲೇ. 48 ಬೈಟಿನ ಪ್ರಶ್ನೆ, ಅಷ್ಟೇ ದೊಡ್ಡ ಉತ್ತರ. ಭಾರತದ ಸಮಯ ಬೇಕಾದರೆ, ಸಿಕ್ಕ ಜಾಗತಿಕ ಸಮಯಕ್ಕೆ 19,800 ಸೆಕೆಂಡು ಕೂಡಿಸಿದರಾಯಿತು. ಚಿಪ್ಪಿಗೆ ಹೊತ್ತು ಎಣಿಸಿಕೊಡುವ ಹರಳು ಹತ್ತು ಲಕ್ಷಕ್ಕೆ ಹತ್ತು ಪಾಲು ತಪ್ಪಿದರೆ ದಿನಕ್ಕೆ 0.86 ಸೆಕೆಂಡು, ಗಂಟೆಗೆ ಬರೀ 36 ಮಿಲಿಸೆಕೆಂಡು. ಆದ್ದರಿಂದ ಗಂಟೆಗೊಮ್ಮೆ ಕೇಳಿದರೆ ಧಾರಾಳ ಸಾಕು.

ಪದೇ ಪದೇ ಕೇಳುವುದು ಎಷ್ಟು ಕೆಟ್ಟದ್ದೆಂದು 2003ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಅನುಭವಿಸಿತು. ಮನೆಬಳಕೆಯ ರೌಟರುಗಳಲ್ಲಿ ಅದರ ಸರ್ವರಿನ ವಿಳಾಸವನ್ನೇ ತಯಾರಕರು ಅಚ್ಚೊತ್ತಿಬಿಟ್ಟಿದ್ದರು. ಉತ್ತರ ಸಿಗದಿದ್ದರೆ ಅವು ಸೆಕೆಂಡಿಗೊಮ್ಮೆ ಕೇಳುತ್ತಿದ್ದವು. ಲಕ್ಷಾಂತರ ಪೆಟ್ಟಿಗೆಗಳ ಪ್ರಶ್ನೆಗಳು ಪ್ರವಾಹದಂತೆ ಅಲ್ಲಿಗೆ ನುಗ್ಗಿದವು. ಇಂದು ನಮ್ಮ ಚಿಪ್ಪುಗಳಿಗೆ ಉತ್ತರಿಸುವ ಎನ್‌ಟಿಪಿ ಪೂಲ್ ಎಂಬ ಕೂಟದ ಸರ್ವರುಗಳು ಸ್ವಯಂಸೇವಕರವು. ಕೇಳುವ ಅವಧಿಯನ್ನು ಕೋಡಿನಲ್ಲಿ ಬರೆಯುವಾಗ ಅವರನ್ನು ನೆನೆಯಬೇಕು.