ಮೊದಲು ತೀರ, ಆಮೇಲೆ ರೂಮು

ಬಳ್ಳಾರಿಯಿಂದ ಹೊಸಪೇಟೆ ರಸ್ತೆ ಹಿಡಿದು ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿದರೆ ಅಂಕೋಲೆ. ಹೆದ್ದಾರಿಗಳ ನಂಬರು ಈಗ ಬದಲಾಗಿವೆ. ಆದರೆ ಹಳೇ ಡ್ರೈವರುಗಳ ಲೆಕ್ಕದಲ್ಲಿ ಇದೆಲ್ಲ ಒಂದೇ ರಸ್ತೆ: ಆಂಧ್ರದ ಗುತ್ತಿಯಿಂದ ಅಂಕೋಲೆವರೆಗಿನ ರಾಷ್ಟ್ರೀಯ ಹೆದ್ದಾರಿ 63. ಅದಿರಿನ ಭರಾಟೆಯ ಕಾಲದಲ್ಲಿ ಬಳ್ಳಾರಿ ಸೀಮೆಯ ಲಾರಿಗಳು ಬೇಲೇಕೇರಿ ಬಂದರಿಗೆ ಸಾಲುಗಟ್ಟಿ ಹೋದದ್ದು ಇದೇ ದಾರಿಯಲ್ಲಿ. ಈಗ ಶಾಲೆಗೆ ರಜೆ ಬಿಟ್ಟ ಮರುದಿನವೇ ಸತ್ಯನಾರಾಯಣಪೇಟೆಯ ಮನೆಗಳಿಂದ ಟಿಟಿ ಗಾಡಿಗಳು ಇದೇ ದಾರಿ ಹಿಡಿಯುತ್ತವೆ. ಅಜ್ಜಿ, ಮೊಮ್ಮಕ್ಕಳು, ಅತ್ತೆ-ಮಾವ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ, ಕಟ್ಟಿನ ತುಂಬ ಕಡಕ್ ರೊಟ್ಟಿ. ಮುನ್ನೂರೈವತ್ತು ಕಿಲೋಮೀಟರಿನಾಚೆಗೆ ಕಡಲು.

ಗಾಡಿ ಹೊರಡುವ ಮುಂಚೆ ಒಂದು ವಾರ ಮನೆಯಲ್ಲಿ ನಡೆಯುವುದು ರೂಮಿನ ಚರ್ಚೆ. ಮೊಬೈಲಿನಲ್ಲಿ ಫೋಟೊ ನೋಡುತ್ತಾರೆ, ರೇಟು ನೋಡುತ್ತಾರೆ, ‘ಸೀ ವ್ಯೂ’ ಅಂತ ಬರೆದಿದ್ದರೆ ಮುಂಗಡ ಕಟ್ಟಿಬಿಡುತ್ತಾರೆ. ಆ ರೂಮಿನ ಮುಂದಿರುವ ಕಡಲು ಎಂಥದ್ದು, ಅಲ್ಲಿ ಮಕ್ಕಳನ್ನು ನೀರಿಗೆ ಬಿಡಬಹುದೇ, ಅಜ್ಜಿ ಮರಳಿನವರೆಗೆ ನಡೆದು ಹೋಗಬಲ್ಲರೇ ಎಂಬ ಪ್ರಶ್ನೆ ಏಳುವುದು ಅಲ್ಲಿಗೆ ತಲುಪಿದ ಮೇಲೆ. ಈ ಕ್ರಮ ತಲೆಕೆಳಗಾಗಬೇಕು. ಮೊದಲು ತೀರ ಆರಿಸಬೇಕು, ಆಮೇಲೆ ಊರು, ರೂಮು ಎಲ್ಲಕ್ಕಿಂತ ಕೊನೆಗೆ.

ಬಳ್ಳಾರಿಯವರಿಗೆ ಪಶ್ಚಿಮದ ಕಡಲು ಹತ್ತಿರವಾದದ್ದು ತೀರ ಈಚೆಗೆ. 1953ರ ಅಕ್ಟೋಬರ್ 1ರವರೆಗೂ ಇದು ಮದ್ರಾಸಿಗೆ ಸೇರಿದ ಜಿಲ್ಲೆ. ಕೋರ್ಟು-ಕಚೇರಿಯ ದೊಡ್ಡ ಕೆಲಸ, ಕಾಲೇಜು ಎಲ್ಲದಕ್ಕೂ ಗುಂತಕಲ್ಲಿನ ಮೇಲೆ ಮದ್ರಾಸಿಗೇ ರೈಲು. ಹಾಗಾಗಿ ಆ ತಲೆಮಾರು ಸಮುದ್ರವೆಂದು ಕಂಡದ್ದು ಮರೀನಾವನ್ನು. ಬೇಸಿಗೆಯ ಝಳದಿಂದ ತಪ್ಪಿಸಿಕೊಳ್ಳಲು ಬ್ರಿಟಿಷ್ ದಂಡಿನವರು ಕಡಲಿನ ಕಡೆ ನೋಡಲೇ ಇಲ್ಲ, ಸಂಡೂರಿನ ಪಕ್ಕದ ರಾಮನದುರ್ಗದ ಗುಡ್ಡ ಹತ್ತಿದರು. ಕಾಯಿಲೆ ಬಿದ್ದ ಸೈನಿಕರಿಗೆ ಅಲ್ಲಿ ಆರೋಗ್ಯಧಾಮ ಕಟ್ಟಿಸಿದರು.

ಅವರ ಲೆಕ್ಕಾಚಾರದಲ್ಲಿ ಒಂದು ಸತ್ಯವಿತ್ತು. ತಂಪು ಬೇಕೆಂದು ಏಪ್ರಿಲ್-ಮೇ ತಿಂಗಳಲ್ಲಿ ಕಡಲಿಗೆ ಹೋಗುವವರು ಮೊದಲು ಅರಿಯಬೇಕಾದ್ದು ಇದನ್ನೇ. ಆ ದಿನಗಳಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುವುದು ವಾಡಿಕೆ. ಕರಾವಳಿಯಲ್ಲಿ 33-34ರ ಆಸುಪಾಸು. ಅಂಕಿ ನೋಡಿದರೆ ಸ್ವರ್ಗ. ಮೈಗೆ ಮಾತ್ರ ಹಾಗನ್ನಿಸುವುದಿಲ್ಲ, ಯಾಕೆಂದರೆ ಬಳ್ಳಾರಿಯದು ಒಣ ಬಿಸಿ. ಬೆವರು ಚರ್ಮದ ಮೇಲೆ ನಿಲ್ಲುವ ಮುಂಚೆಯೇ ಆರುತ್ತದೆ, ಆರುವಾಗ ಮೈಯ ಬಿಸಿಯನ್ನೂ ಒಯ್ಯುತ್ತದೆ. ಮನೆಮನೆಯ ಕಿಟಕಿಗೆ ಕೂಡಿಸಿರುವ ಕೂಲರ್ ಕೆಲಸ ಮಾಡುವುದೂ ಇದೇ ಬಲದ ಮೇಲೆ: ಹುಲ್ಲಿನ ಪ್ಯಾಡ್ ಮೇಲೆ ಇಳಿಯುವ ನೀರು ಒಣಗಾಳಿಗೆ ಆವಿಯಾಗುತ್ತ ಗಾಳಿಯನ್ನು ತಣಿಸುತ್ತದೆ. ಕಡಲತೀರದ ಗಾಳಿ ಆಗಲೇ ನೀರು ಕುಡಿದು ಕೂತಿರುತ್ತದೆ, ಇನ್ನಷ್ಟು ಹೀರುವುದಿಲ್ಲ. ಅಲ್ಲಿ ಕೂಲರ್ ಇಟ್ಟರೆ ರೂಮು ತಣ್ಣಗಾಗುವ ಬದಲು ಹಾಸಿಗೆ ತೇವವಾಗುತ್ತದೆ. ಆದ್ದರಿಂದ ಹೋಟೆಲಿನವರು ‘ಎಸಿ ಇಲ್ಲ, ಆದರೆ ಕೂಲರ್ ಕೊಡುತ್ತೇವೆ’ ಅಂದರೆ ಬಳ್ಳಾರಿಯ ರೂಢಿಯಲ್ಲಿ ‘ಸಾಕು ಬಿಡಿ’ ಅನ್ನಬಾರದು.

ಎಸಿ ಬೇಡ ಎನ್ನುವವರು ಕಿಟಕಿಯ ದಿಕ್ಕು ಕೇಳಬೇಕು. ಹಗಲು ನೆಲ ಕಾಯುತ್ತ ಹೋದಂತೆ ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ಒಳನಾಡಿನತ್ತ ಗಾಳಿ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿದು ಗಾಳಿ ತಿರುಗಿ ಕಡಲಿನತ್ತ ಹೊರಡುತ್ತದೆ. ಪಶ್ಚಿಮಕ್ಕೊಂದೇ ಕಿಟಕಿ ಇರುವ ‘ಸೀ ವ್ಯೂ’ ರೂಮಿನಲ್ಲಿ ಸಂಜೆಯ ಇಳಿಬಿಸಿಲು ನೇರ ಒಳಗೆ ಬೀಳುತ್ತದೆ, ಮಲಗುವ ಹೊತ್ತಿಗೆ ಗಾಳಿ ನಿಂತಿರುತ್ತದೆ. ಎದುರುಬದುರು ಕಿಟಕಿ ಇರುವ, ಹೆಂಚಿನ ಮಾಡಿನ, ತೆಂಗಿನತೋಟದ ನಡುವಿನ ಸಾಧಾರಣ ಮನೆಯೇ ಅದಕ್ಕಿಂತ ಸುಖ. ಕರಾವಳಿಯವರು ತಮ್ಮ ಮನೆಗಳನ್ನು ಕಟ್ಟಿಕೊಂಡಿರುವುದೂ ಹಾಗೆಯೇ.

ಇನ್ನು ತೀರದ ಮಾತು. ಬಳ್ಳಾರಿಯವರ ಮೊದಲ ಆಯ್ಕೆ ಬಹುತೇಕ ಗೋಕರ್ಣ. ಮಹಾಬಲೇಶ್ವರನ ದರ್ಶನವೂ ಆಯಿತು, ಕಡಲೂ ಆಯಿತು ಎಂಬ ಎಣಿಕೆ. ಆದರೆ ಗೋಕರ್ಣ ಎಂದರೆ ಒಂದೇ ತೀರವಲ್ಲ. ದೇವಸ್ಥಾನದ ಮುಂದಿನ ಊರ ಕಡಲು ಬೇರೆ. ದಕ್ಷಿಣದ ಗುಡ್ಡದಾಚೆಗಿನ ಕುಡ್ಲೆ ಬೇರೆ, ಅದರಾಚೆಗಿನ ಓಂ ಬೀಚ್ ಬೇರೆ. ಇನ್ನೂ ಮುಂದಿನ ಹಾಫ್ ಮೂನ್, ಪ್ಯಾರಡೈಸ್ ತೀರಗಳಿಗೆ ಗುಡ್ಡದ ಕಾಲುದಾರಿ ಇಲ್ಲವೇ ದೋಣಿಯೇ ಗತಿ. ಕುಡ್ಲೆಯ ಫೋಟೊಗಳಲ್ಲಿ ಕಾಣದ್ದೊಂದಿದೆ: ಗಾಡಿ ಗುಡ್ಡದ ಮೇಲೆಯೇ ನಿಲ್ಲುತ್ತದೆ, ತೀರಕ್ಕೆ ಮೆಟ್ಟಿಲು ಇಳಿಯಬೇಕು. ಇಳಿಯುವಾಗ ಬ್ಯಾಗು ಹೊತ್ತವರಿಗೆ ಗೊತ್ತಾಗುವುದಿಲ್ಲ, ಹತ್ತುವಾಗ ಮಂಡಿನೋವಿನ ಅತ್ತೆಗೆ ಗೊತ್ತಾಗುತ್ತದೆ. ಇಪ್ಪತ್ತರ ಹರೆಯದ ಗೆಳೆಯರ ಗುಂಪಿಗೆ ಕುಡ್ಲೆಯಷ್ಟು ಚಂದದ ಜಾಗ ಕಡಿಮೆ. ಹಿರಿಯರಿದ್ದರೆ ಊರೊಳಗೇ, ದೇವಸ್ಥಾನಕ್ಕೆ ನಡೆಯುವಷ್ಟು ದೂರದಲ್ಲಿ ಉಳಿಯುವುದು ಸರಿ. ಅರ್ಚಕರ ಮನೆಗಳಲ್ಲಿ ಯಾತ್ರಿಕರು ಇಳಿದುಕೊಳ್ಳುವ ಹಳೆಯ ಪದ್ಧತಿಯೂ ಈ ಊರಿನದು. ಗುಡ್ಡದ ಮೇಲೆ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ‘ಮಯೂರ ಸಮುದ್ರ’ ಇದೆ, ಕಮಲಾಪುರದ ‘ಮಯೂರ ಭುವನೇಶ್ವರಿ’ ನೋಡಿದ ಬಳ್ಳಾರಿಗರಿಗೆ ಹೆಸರು ಪರಿಚಿತವೇ.

ಮುರ್ಡೇಶ್ವರದ ಅನುಕೂಲ ಇನ್ನೊಂದು ಬಗೆಯದು. 123 ಅಡಿಯ ಶಿವನ ಮೂರ್ತಿ, 237 ಅಡಿಯ ರಾಜಗೋಪುರ, ಮೇಲಕ್ಕೆ ಒಯ್ಯುವ ಲಿಫ್ಟು, ಕೂಗಳತೆಯಲ್ಲಿ ವಸತಿಗೃಹ, ಕಾಲಡಿಗೇ ಕಡಲು. ನಡೆಯಲಾರದವರಿಗೂ ಇಲ್ಲಿ ಸಮುದ್ರ ಸಿಗುತ್ತದೆ. ಆದರೆ ಜನ ಸೇರುವ ಈ ತೀರವೇ ಮಕ್ಕಳ ವಿಷಯದಲ್ಲಿ ಎಚ್ಚರ ಬೇಡುತ್ತದೆ. 2024ರ ಡಿಸೆಂಬರ್ 10ರಂದು ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಬಾಲಕಿಯರು ಇಲ್ಲಿನ ಅಲೆಗಳ ಪಾಲಾದರು. ಆ ಬಳಿಕ ಕೆಲಕಾಲ ತೀರಕ್ಕೆ ಪ್ರವೇಶವನ್ನೇ ನಿಷೇಧಿಸಲಾಯಿತು. ಕೋಲಾರದಂತೆ ಬಳ್ಳಾರಿಯೂ ಕೆರೆ-ಕಾಲುವೆಯ ನಾಡು. ತುಂಗಭದ್ರೆಯ ಕಾಲುವೆಯಲ್ಲಿ ಈಜು ಕಲಿತ ಸಿರುಗುಪ್ಪದ ಹುಡುಗನಿಗೂ ಕಡಲು ಹೊಸದು. ದಡಕ್ಕೆ ಬಡಿದ ನೀರು ಒಂದೇ ಕಡೆಯಿಂದ ರಭಸವಾಗಿ ಹಿಂದಕ್ಕೆ ಸೆಳೆಯುವುದನ್ನು ಕಾಲುವೆ ಕಲಿಸುವುದಿಲ್ಲ. ಆ ಸೆಳೆತಕ್ಕೆ ಸಿಕ್ಕವರು ದಡಕ್ಕೆ ನೇರ ಈಜಲು ಹೋಗಿ ಸೋಲುತ್ತಾರೆ. ತೀರದುದ್ದಕ್ಕೆ ಅಡ್ಡ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡದತ್ತ ತಿರುಗಬೇಕು. ಈಜು ಬಾರದವರು ಮೊಣಕಾಲು ಮುಳುಗುವ ನೀರು ದಾಟಲೇಬಾರದು. ನದಿ ಕಡಲು ಸೇರುವ ಅಳಿವೆಯ ಬಳಿ, ಪಾಚಿ ಹಿಡಿದ ಬಂಡೆಗಳ ಮೇಲೆ ಯಾರೂ ಇಳಿಯಬಾರದು. ರೂಮು ಕಾದಿರಿಸುವ ಮುಂಚೆ ಫೋನಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಹಾಗಾಗಿ ಬಾಡಿಗೆಯದಲ್ಲ: ‘ನಿಮ್ಮ ಮುಂದಿನ ತೀರದಲ್ಲಿ ಜೀವರಕ್ಷಕರು ಇದ್ದಾರಾ, ಎಷ್ಟು ಹೊತ್ತಿನವರೆಗೆ ಇರುತ್ತಾರೆ?’

ಸಣ್ಣ ಮಕ್ಕಳಿರುವ ಮನೆಯವರು ಹೊನ್ನಾವರದ ಪಕ್ಕದ ಕಾಸರಕೋಡು ಅಥವಾ ಉಡುಪಿ ಜಿಲ್ಲೆಯ ಪಡುಬಿದ್ರಿಯ ಹೆಸರನ್ನು ಪಟ್ಟಿಯ ಮೇಲಿಡಬೇಕು. 2020ರಲ್ಲಿ ದೇಶದ ಎಂಟು ತೀರಗಳಿಗೆ ಮೊದಲ ಬಾರಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಾಗ ಕರ್ನಾಟಕದಿಂದ ಆ ಸಾಲಿನಲ್ಲಿದ್ದವು ಇವೆರಡೇ. ನೀರಿನ ಶುದ್ಧತೆ, ಸುರಕ್ಷತೆ, ಶೌಚಾಲಯ, ಕಸ ವಿಲೇವಾರಿ ಸೇರಿ 33 ಮಾನದಂಡಗಳನ್ನು ನೋಡಿ ಕೊಡುವ ಬಾವುಟ ಅದು. ಬಟ್ಟೆ ಬದಲಿಸಲು ಕೋಣೆ, ಮೈ ತೊಳೆಯಲು ಸಿಹಿನೀರು ಇದೆ ಎಂಬುದು ಹೆಣ್ಣುಮಕ್ಕಳ ಮಟ್ಟಿಗೆ ಸಣ್ಣ ಮಾತಲ್ಲ. ಮೂರು ದಿನದ ಪ್ರವಾಸ ಅವರಿಗೆ ಹಿತವಾಗುವುದು ಅಥವಾ ಹಿಂಸೆಯಾಗುವುದು ಎಷ್ಟೋ ಸಲ ಇಷ್ಟರ ಮೇಲೆಯೇ.

ಶುದ್ಧ ಸಸ್ಯಾಹಾರದ ಮನೆಗಳಿಗೆ ಉಡುಪಿ ಸುಲಭ. ರಥಬೀದಿಯ ಆಸುಪಾಸಿನಲ್ಲಿ ಉಳಿದರೆ ಊಟದ ಚಿಂತೆಯಿಲ್ಲ, ಆರೇಳು ಕಿಲೋಮೀಟರಿನಲ್ಲಿ ಮಲ್ಪೆ, ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪದ ಕಂಬಗಂಬವಾಗಿ ನಿಂತ ಲಾವಾ ಬಂಡೆಗಳು. ಕಡಲಿಗೆ ಅಂಟಿಕೊಂಡೇ ಮಲಗಬೇಕೆಂಬ ಹಟ ಬಿಟ್ಟವರಿಗೆ ಇಂಥ ಅನುಕೂಲ ತೆರೆದುಕೊಳ್ಳುತ್ತದೆ. ಬೆಳಿಗ್ಗೆ ವಗ್ಗಾಣಿ-ಮಿರ್ಚಿಯೇ ಬೇಕೆನ್ನುವ ನಾಲಿಗೆಗೆ ಮಾತ್ರ ಅಲ್ಲಿ ಬನ್ಸ್, ನೀರುದೋಸೆ. ಕಡಕ್ ರೊಟ್ಟಿಯ ಕಟ್ಟು ಮನೆಯಿಂದ ಹೊರಡುವುದು ಸುಮ್ಮನೆ ಅಲ್ಲ.

ಈಗ ರೂಮು. ‘ಅಲೆ ನಿಮ್ಮ ಬಾಗಿಲಿಗೇ ಬಂದು ಬಡಿಯುತ್ತದೆ’ ಎಂಬ ಜಾಹೀರಾತು ಕಂಡಾಗ ಕಾನೂನು ನೆನಪಾಗಬೇಕು. ಕರಾವಳಿ ನಿಯಂತ್ರಣ ವಲಯದ ನಿಯಮ ಮೊದಲು ಬಂದದ್ದು 1991ರಲ್ಲಿ. ಹಳ್ಳಿಗಾಡಿನ ತೀರಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶ ಕೊಡದ ನಿಯಮವದು. 2019ರ ಅಧಿಸೂಚನೆ ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಳಲ್ಲಿ ಆ ಅಂತರವನ್ನು 50 ಮೀಟರಿಗೆ ಇಳಿಸಿತು. ಮರಳಿನ ಮೇಲೆಯೇ ಕಾಣುವ ಗುಡಿಸಲುಗಳು ಹಂಗಾಮಿ ರಚನೆಗಳು, ಕಾಯಂ ರೂಮುಗಳಲ್ಲ. ಅಂದರೆ ನಿಯಮ ಪಾಲಿಸಿದ ಒಳ್ಳೆಯ ವಸತಿಗೃಹವೊಂದು ಕಡಲಿನಿಂದ ಎರಡು-ಮೂರು ನಿಮಿಷದ ನಡಿಗೆಯಷ್ಟು ಹಿಂದಿರುವುದೇ ಸಹಜ. ಅದು ಕೊರತೆಯಲ್ಲ.

ಈಜುಕೊಳ ಇರುವ ರೆಸಾರ್ಟು ಸುರಕ್ಷಿತ ಎಂಬ ನಂಬಿಕೆಯೂ ಸಡಿಲವಾಗಬೇಕು. 2024ರ ನವೆಂಬರ್‌ನಲ್ಲಿ ಮಂಗಳೂರು ಬಳಿಯ ಉಚ್ಚಿಲದ ರೆಸಾರ್ಟೊಂದರ ಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡರು. ಸಮುದ್ರ ಪಕ್ಕದಲ್ಲೇ ಇತ್ತು, ಜೀವ ಹೋದದ್ದು ಕೊಳದಲ್ಲಿ. ಎಲ್ಲಿ ಎಷ್ಟು ಆಳ ಎಂದು ಬರೆದಿದೆಯೇ, ಕಾವಲಿಗೆ ಈಜು ಬಲ್ಲ ಒಬ್ಬರು ಇದ್ದಾರೆಯೇ ಎಂದು ನೋಡದೆ ಮಕ್ಕಳನ್ನು ಇಳಿಸಕೂಡದು.

ಬಂದಿಳಿದ ಮೇಲೆ ರೂಮು ನೋಡುವಾಗ ಹಾಸಿಗೆಯ ಬಿಳಿ ಚಾದರಕ್ಕಿಂತ ಮೊದಲು ಬಚ್ಚಲಮನೆಯ ಬಾಗಿಲಿನ ಚಿಲಕ, ತಿರುಗಣಿಗಳ ಮೇಲೆ ಕೈಯಾಡಿಸಬೇಕು. ಉಪ್ಪುಗಾಳಿ ಕಬ್ಬಿಣ ತಿನ್ನುತ್ತದೆ. ಚಿಲಕ ಸಲೀಸಾಗಿ ಸರಿದರೆ, ತಿರುಗಣಿಯಿಂದ ತುಕ್ಕಿನ ಪುಡಿ ಉದುರದಿದ್ದರೆ ಮಾಲೀಕರು ಪ್ರತಿ ವರ್ಷ ಕೈಯಿಟ್ಟು ರಿಪೇರಿ ಮಾಡಿಸುತ್ತಾರೆಂದು ಅರ್ಥ. ಗೀಸರು, ಎಸಿ, ವೈರಿಂಗೂ ಹಾಗೆಯೇ ಇರುವ ಸಂಭವ ಹೆಚ್ಚು. ಆಮೇಲೆ ನಲ್ಲಿಯ ನೀರು ಒಂದು ಹನಿ ನಾಲಿಗೆಗೆ. ಬೇಸಿಗೆ ಕಡುವಾದಾಗ ಕಡಲಂಚಿನ ಬಾವಿಗಳಿಗೆ ಉಪ್ಪುನೀರು ನುಗ್ಗುತ್ತದೆ. ಹೊರಗೆ ಕಾಲು ತೊಳೆಯುವ ನಲ್ಲಿ, ಬಿಸಿಲು ಬೀಳುವ ಕಡೆ ಬಟ್ಟೆ ಒಣಹಾಕುವ ಹಗ್ಗ ಇವೆಯೇ? ಬಳ್ಳಾರಿಯಲ್ಲಿ ಟವೆಲ್ಲು ಮಾಳಿಗೆಗೆ ಹಾಕಿ ಇಳಿದು ಬರುವಷ್ಟರಲ್ಲಿ ಗರಿಗರಿ. ಕರಾವಳಿಯಲ್ಲಿ ರಾತ್ರಿ ಹಾಕಿದ ಬಟ್ಟೆ ಬೆಳಿಗ್ಗೆಯೂ ತೇವ. ಎಂಟು ಜನರ ಒದ್ದೆ ಬಟ್ಟೆ ರೂಮಿನೊಳಗೇ ಉಳಿದರೆ ಎರಡನೇ ದಿನವೇ ಮುಗ್ಗಲು ವಾಸನೆ.

ಬಾಡಿಗೆ ಕೇಳುವಾಗ ತೆರಿಗೆ ಸೇರಿದೆಯೇ ಎಂದು ಕೇಳುವುದು ಒಳ್ಳೆಯದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲಾದರೆ ಶೇ 18.

ಗೋವಾಕ್ಕೆ ಹೊರಟವರ ಲೆಕ್ಕ ರೈಲಿನಿಂದ ಶುರುವಾಗುತ್ತದೆ. ಬಂಗಾಳದ ಕಡೆಯಿಂದ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಬಳ್ಳಾರಿಯ ಮೇಲೇ ಹಾದು, ದೂಧಸಾಗರ ಜಲಪಾತದ ಪಕ್ಕದಲ್ಲಿ ಘಟ್ಟ ಇಳಿದು ಮಡಗಾಂವ್ ಮುಟ್ಟುತ್ತದೆ. ಮಡಗಾಂವ್‌ನಲ್ಲಿ ಇಳಿಯುವವರಿಗೆ ಕೋಲ್ವಾ, ಬೆಣಾವ್ಲಿಯಂಥ ದಕ್ಷಿಣ ಗೋವಾದ ತೀರಗಳು ಹತ್ತಿರ, ಕುಟುಂಬಗಳಿಗೆ ಅವೇ ನೆಮ್ಮದಿ. ಕಡಿಮೆ ಬಾಡಿಗೆ ಕಂಡು ಉತ್ತರದ ಕಲಂಗೂಟಿನಲ್ಲಿ ರೂಮು ಹಿಡಿದರೆ ಉಳಿಸಿದ ದುಡ್ಡು ಟ್ಯಾಕ್ಸಿಗೆ ಹೋಗುತ್ತದೆ.

ಕಾಲ ಯಾವುದು? ಮಳೆಗಾಲದಲ್ಲಿ ರೂಮು ಅಗ್ಗ, ಹಸಿರು ಕಣ್ಣು ತುಂಬುತ್ತದೆ, ಆದರೆ ಕಡಲಿಗೆ ಇಳಿಯುವಂತಿಲ್ಲ, ದ್ವೀಪಕ್ಕೆ ದೋಣಿಯಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ತಾಜಾ ಮೀನೂ ದುಬಾರಿ. ದಾರಿಯೂ ನಂಬುವಂಥದ್ದಲ್ಲ: 2024ರ ಜುಲೈ 16ರಂದು ಅಂಕೋಲೆ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ನಿಂತಿದ್ದ ಲಾರಿಗಳು ಮಣ್ಣುಪಾಲಾದವು, ಗಂಗಾವಳಿ ನದಿಯ ಪಾಲಾದವು. ಬೇಸಿಗೆ ರಜೆಯಲ್ಲಿ ಸೆಖೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಬಾಡಿಗೆ ಏರುತ್ತದೆ. ಸಿರುಗುಪ್ಪ, ಕುರುಗೋಡು ಭಾಗದ ರೈತ ಕುಟುಂಬಗಳಿಗೆ ಭತ್ತದ ಕೊಯ್ಲು ಮುಗಿದು ಕೈ ಬಿಡುವಾಗುವ ಡಿಸೆಂಬರ್ ಮೊದಲೆರಡು ವಾರ ನಿಜಕ್ಕೂ ಚಿನ್ನದಂಥ ಕಾಲ: ಕಡಲು ಶಾಂತ, ಗಾಳಿ ಹಿತ, ರೂಮುಗಳು ಖಾಲಿ. ಮಕ್ಕಳ ಶಾಲೆ ತಪ್ಪಿಸಲಾಗದವರು ಜನವರಿಯ ಶನಿವಾರ-ಭಾನುವಾರಕ್ಕೆ ಸಂಕ್ರಾಂತಿಯ ರಜೆ ಸೇರಿಸಿಕೊಂಡು ಹೊರಡಬಹುದು. ಮಹಾಶಿವರಾತ್ರಿಗೆ ಮಾತ್ರ ಗೋಕರ್ಣದಲ್ಲಿ ಮಹಾರಥ ಎಳೆಯುವ ಜಾತ್ರೆ. ಆಗ ಊರೊಳಗೆ ರೂಮು ಹುಡುಕುವ ಬದಲು ಕುಮಟಾದಲ್ಲೋ ಅಂಕೋಲೆಯಲ್ಲೋ ಉಳಿದು, ನಸುಕಿನಲ್ಲೇ ಹೊರಟು, ದರ್ಶನ ಮುಗಿಸಿ ಮಧ್ಯಾಹ್ನದೊಳಗೆ ವಾಪಸಾಗುವುದು ವಾಸಿ.