ಪೆಟ್ರೋಲಿನ ನಾಡಿನಿಂದ ಡೈನೊಸಾರ್ ಪಾಠ

ಸೌದಿ ಅರೇಬಿಯದಲ್ಲಿ ದುಡಿಯುವ ತಂದೆಯರಿಗೆ ಊರಿನಲ್ಲಿರುವ ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ‘ಅಪ್ಪಾ, ನೀವಿರುವ ದೇಶದ ಪೆಟ್ರೋಲು ಡೈನೊಸಾರ್‌ಗಳಿಂದ ಆದದ್ದಂತೆ, ಹೌದೇ?’ ಅಲ್ಲ ಎಂಬುದೇ ಉತ್ತರ. ಆದರೆ ಏಕೆ ಅಲ್ಲ ಎಂಬುದನ್ನು ತಿಳಿಯುವ ಹಾದಿಯಲ್ಲಿ ನಮ್ಮ ಕುಟುಂಬಕ್ಕೆ ವಾರಕ್ಕೊಂದು ಪಾಠವೇ ದೊರೆಯಿತು.

ಇಲ್ಲಿಗೆ ಬರಬಯಸುವವರು ಮೊದಲು ಒಂದು ಲೆಕ್ಕವನ್ನು ತಿಳಿದಿರಬೇಕು. 2017ರ ಜುಲೈಯಲ್ಲಿ ವಲಸಿಗರ ಪ್ರತಿ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಜಾರಿಗೆ ಬಂತು. ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ ಅದು 400 ರಿಯಾಲ್ ಮುಟ್ಟಿತು. ಪತ್ನಿ ಮತ್ತು ಇಬ್ಬರು ಮಕ್ಕಳಿದ್ದರೆ ತಿಂಗಳಿಗೆ 1,200 ರಿಯಾಲ್. ಮಧ್ಯಮ ಸಂಬಳದ ಅನೇಕ ಸಂಸಾರಗಳು ಊರಿಗೆ ಮರಳಿದವು, ನನ್ನದೂ ಅವುಗಳಲ್ಲೊಂದು. ಇಲ್ಲಿ ರಜೆ ಶುಕ್ರವಾರ ಮತ್ತು ಶನಿವಾರ, ಮಕ್ಕಳಿಗೆ ಭಾನುವಾರ. ಎರಡೂ ಕಡೆ ಬಿಡುವು ಕೂಡಿಬರುವುದು ಶನಿವಾರದ ಸಂಜೆ ಮಾತ್ರ. ‘ಊಟವಾಯಿತೇ, ಶಾಲೆ ಹೇಗಿತ್ತು’ ಎಂಬ ಮಾತುಗಳು ಐದು ನಿಮಿಷದಲ್ಲಿ ಮುಗಿಯುತ್ತವೆ. ಉಳಿದ ಸಮಯಕ್ಕೆ ಇಬ್ಬರೂ ಕೂಡಿ ಹುಡುಕಬಹುದಾದ ವಿಷಯವೊಂದು ಬೇಕು. ನಮಗೆ ಅದನ್ನು ಒದಗಿಸಿದ್ದು ಡೈನೊಸಾರ್.

ಸುಮಾರು 15 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಯುಗದ ಕೊನೆಯಲ್ಲಿ, ಈ ನಾಡಿನ ಪೂರ್ವಭಾಗವನ್ನು ಆಳವಿಲ್ಲದ ಬೆಚ್ಚನೆಯ ಸಮುದ್ರ ಆವರಿಸಿತ್ತು. ಅಲ್ಲಿ ತೇಲುತ್ತಿದ್ದ ಸೂಕ್ಷ್ಮಜೀವಿಗಳು ಸತ್ತು, ಕೆಸರಿನಲ್ಲಿ ಹೂತು, ಒತ್ತಡ ಮತ್ತು ಶಾಖದಿಂದ ತೈಲವಾದವು. 1938ರ ಮಾರ್ಚ್‌ನಲ್ಲಿ ದಮ್ಮಾಮಿನ ಏಳನೆಯ ಬಾವಿಯಿಂದ ಚಿಮ್ಮಿದ್ದು ಅಂಥ ತೈಲವೇ. ಡೈನೊಸಾರ್‌ಗಳು ನೆಲದ ಪ್ರಾಣಿಗಳು. ಸಮುದ್ರದ ತಳದಲ್ಲಿ ಅವುಗಳ ಮೂಳೆ ಸಿಗುವುದು ಅಪರೂಪ. ನಮಗೆ ಅನ್ನ ಕೊಟ್ಟ ಸಮುದ್ರವೇ ಇಲ್ಲಿ ಡೈನೊಸಾರ್‌ಗಳ ಅವಶೇಷ ವಿರಳವಾಗಿರುವುದಕ್ಕೂ ಕಾರಣ.

ಹಾಗೆಂದು ಅವು ಇರಲೇ ಇಲ್ಲವೆಂದಲ್ಲ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಬೆಂಜಮಿನ್ ಕಿಯರ್ ಮತ್ತು ಸಂಗಡಿಗರು ಸೌದಿ ಅರೇಬಿಯದ ವಾಯವ್ಯ ಭಾಗದ ಕೆಂಪು ಸಮುದ್ರದ ಕರಾವಳಿಯಲ್ಲಿ ದೊರೆತ ಬಾಲದ ಮೂಳೆಗಳನ್ನೂ ಹಲ್ಲುಗಳನ್ನೂ 2013ರ ಡಿಸೆಂಬರ್‌ನಲ್ಲಿ ‘ಪ್ಲೊಸ್ ಒನ್’ ಪತ್ರಿಕೆಯಲ್ಲಿ ವಿವರಿಸಿದರು. ಮೂಳೆಗಳು ಸಸ್ಯಾಹಾರಿ ಟೈಟನೊಸಾರ್ ಗುಂಪಿನವು, ಹಲ್ಲುಗಳು ಮಾಂಸಾಹಾರಿ ಅಬೆಲಿಸಾರ್ ಗುಂಪಿನವು. ವಯಸ್ಸು ಸುಮಾರು 7.2 ಕೋಟಿ ವರ್ಷ. ಈ ಪತ್ರಿಕೆಯನ್ನು ಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ಓದಬಹುದು. ಗುಜರಾತಿನ ರಹಿಯೋಲಿಯ ಅವಶೇಷಗಳಿಂದ 2003ರಲ್ಲಿ ಹೆಸರು ಪಡೆದ ರಾಜಾಸಾರಸ್ ಕೂಡ ಅಬೆಲಿಸಾರ್ ಗುಂಪಿನದೇ. ಭಾರತವೂ ಅರೇಬಿಯವೂ ಒಂದು ಕಾಲಕ್ಕೆ ಗೊಂಡ್ವಾನ ಎಂಬ ಒಂದೇ ಭೂಖಂಡದಲ್ಲಿ ಕೂಡಿದ್ದವು ಎಂದಾಗ ನನ್ನ ಮಗಳು, ‘ಹಾಗಾದರೆ ಆಗ ವೀಸಾ ಬೇಕಿರಲಿಲ್ಲ’ ಎಂದಳು. ಆ ಮಾತಿಗೆ ಇಬ್ಬರೂ ನಕ್ಕೆವು. ಕರೆ ಮುಗಿದ ಮೇಲೆ ನನಗೆ ನಗು ಬರಲಿಲ್ಲ.

ಜಾಲದಲ್ಲಿ ಕಂಡದ್ದೆಲ್ಲ ನಿಜವಲ್ಲ ಎಂಬುದೂ ಈ ಪಾಠದ ಭಾಗವೇ. ಸಿನಿಮಾದಲ್ಲಿ ಆಳೆತ್ತರಕ್ಕೆ ಕಾಣುವ ವೆಲೊಸಿರಾಪ್ಟರ್ ವಾಸ್ತವದಲ್ಲಿ ಟರ್ಕಿ ಕೋಳಿಯಷ್ಟು ದೊಡ್ಡದಾದ, ಗರಿಯುಳ್ಳ ಪ್ರಾಣಿ. ಹೀಗಾಗಿ ನಾವು ವಿಡಿಯೊ ನೋಡಿದ ಮೇಲೆ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ‘ಡೈನೊ ಡೈರೆಕ್ಟರಿ’ಯಲ್ಲಿ ಆ ಪ್ರಾಣಿಯ ಕಾಲ, ಆಹಾರ, ಉದ್ದಗಳನ್ನು ತಾಳೆ ನೋಡುತ್ತೇವೆ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಕೊಠಡಿಗಳಲ್ಲೂ ಪರದೆಯ ಮೇಲೆಯೇ ಸುತ್ತಾಡಬಹುದು. ಇವೆಲ್ಲ ಇಂಗ್ಲಿಷಿನಲ್ಲಿವೆ. ಅದನ್ನು ಕನ್ನಡದಲ್ಲಿ ಅಜ್ಜಿಗೆ ಹೇಳುವ ಹೊಣೆ ಮಗಳದು. ‘ಪಳೆಯುಳಿಕೆ’ ಎಂಬ ಪದವನ್ನು ಅವಳಿಗೆ ಕೊಟ್ಟವರು ಅಜ್ಜಿಯೇ.

ಊರಿನಲ್ಲಿರುವ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ದೂರದಲ್ಲಿರುವ ಮಗ ಕರೆ ಮಾಡಿದಾಗ ಮೊಮ್ಮಕ್ಕಳ ಅಂಕಗಳನ್ನಷ್ಟೇ ಒಪ್ಪಿಸಬೇಡಿ, ಅವರ ಪ್ರಶ್ನೆಗಳನ್ನೂ ತಲುಪಿಸಿ. ‘ನಮ್ಮ ಕರ್ನಾಟಕದಲ್ಲಿ ಡೈನೊಸಾರ್ ಮೂಳೆ ಏಕೆ ಸಿಗುವುದಿಲ್ಲ’ ಎಂಬುದು ಈಗ ನಮ್ಮ ಮನೆಯ ಪ್ರಶ್ನೆ. ನಾಡಿನ ಬಹುಪಾಲು ಶಿಲೆಗಳು ಡೈನೊಸಾರ್‌ಗಳಿಗಿಂತ ಎಷ್ಟೋ ಹಳೆಯವು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ, ಡೈನೊಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಮುಂದಿನ ರಜೆಯಲ್ಲಿ ಆ ಬಂಡೆಯ ಮೇಲೆ ಮಗಳೊಂದಿಗೆ ಕುಳಿತು, ಪರದೆಯಿಲ್ಲದೆ, ಈ ಲೆಕ್ಕವನ್ನು ಮಾಡಬೇಕೆಂದಿದ್ದೇನೆ.